ಕಮಟು ಹಿಡಿದ ಕಡಪ ಕಲ್ಲಿಗೆ ಮುಲ್ತಾನಿ ಮಿಟ್ಟಿ: ಕೆಲಸ ಮಾಡುತ್ತದೆಯೇ?

ಮಾಡುತ್ತದೆ. ಆದರೆ ಕಲ್ಲು ಕುಡಿದಿರುವ ಎಣ್ಣೆ ಯಾವುದೆಂದು ತಿಳಿದು, ಅದಕ್ಕೆ ತಕ್ಕ ದ್ರವದಲ್ಲಿ ಕಲಸಿದರೆ ಮಾತ್ರ. ಬರೀ ನೀರಿನಲ್ಲಿ ಕಲಸಿ ಬಳಿದು, ಒಣಗುವ ಮೊದಲೇ ತೊಳೆದವರು ದುಡ್ಡು ದಂಡ ಎಂದು ಬೈಯುವುದು ಸಹಜ.

ಕೊಡಗಿನ ಅಡುಗೆಮನೆಗಳಲ್ಲಿ ಈ ತೊಂದರೆ ಹೆಚ್ಚಾಗಿ ಕಾಣುವುದು ಕಡಪ ಕಲ್ಲಿನ ಕಟ್ಟೆ, ಶೆಲ್ಫುಗಳಲ್ಲಿ. ಕಪ್ಪು ಬಣ್ಣ ಮಾಸಿತೆಂದು ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ಒಂದು ಕಡೆ, ಒಲೆಯ ಪಕ್ಕ ಸಿಡಿಯುವ ಪಂದಿಕರಿಯ (ಹಂದಿಮಾಂಸದ ಸಾರು) ನೆಣ ಇನ್ನೊಂದು ಕಡೆ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿ.ಮೀ. ದಾಟುವ ಮಳೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಲು ಒಣಗುವುದೇ ಇಲ್ಲ. ತೇವ ಸೇರಿದ ಕೊಬ್ಬು ಒಡೆದು ಕೊಬ್ಬಿನಾಮ್ಲವಾಗುತ್ತದೆ. ಕೊಬ್ಬರಿ ಎಣ್ಣೆ ಸೋಪಿನಂಥ ಕಮಟು ಬೀರುವುದು ಹೀಗೆ. ಸೂರ್ಯಕಾಂತಿ ಎಣ್ಣೆಯದು ಬೇರೆ ದಾರಿ: ಅದು ಗಾಳಿಯ ಆಮ್ಲಜನಕ ಸೇರಿ ಕೆಡುತ್ತದೆ, ಮೇಲೆ ಅಂಟಂಟು ಪದರ ಕಟ್ಟುತ್ತದೆ.

ಮೊದಲು ಪರೀಕ್ಷೆ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಕಲ್ಲಿನ ಮೇಲೆ ಐದು ನಿಮಿಷ ಹಾಸಿ, ತೆಗೆದ ಕೂಡಲೇ ಮೂಸಿ. ಶಾಖಕ್ಕೆ ವಾಸನೆ ಮೇಲೇಳುತ್ತದೆ. ಹಳೇ ಕರಿದ ಎಣ್ಣೆ, ನೆಣ, ಸೋಪು ಇವುಗಳ ಹಾಗಿದ್ದರೆ ಅದು ಅಡುಗೆಯ ಜಿಡ್ಡು. ತೋಟದ ಮನೆಯ ಜಗಲಿಯಲ್ಲಿ ಕಳೆ ಕೊಚ್ಚುವ ಯಂತ್ರಕ್ಕೆ ಪೆಟ್ರೋಲು, ಆಯಿಲ್ ಬೆರೆಸುವ ಜಾಗದ ಚಪ್ಪಡಿಯಾದರೆ ಅದು ಖನಿಜ ತೈಲ. ಇವೆರಡಕ್ಕೆ ಮದ್ದು ಒಂದೇ ಅಲ್ಲ.

ಅಡುಗೆ ಜಿಡ್ಡಿಗೆ ವಾಷಿಂಗ್ ಸೋಡಾ ಬೇಕು. ಅಡುಗೆ ಸೋಡಾ ಸಾಲದು. ವಾಷಿಂಗ್ ಸೋಡಾದ ಕ್ಷಾರ ಕೊಬ್ಬಿನಾಮ್ಲವನ್ನು ಸೋಪು ಮಾಡಿ ನೀರಿಗೆ ಬಿಟ್ಟುಕೊಡುತ್ತದೆ. ಒಂದು ಚದರಡಿಗೆ ಸುಮಾರು ಅರ್ಧ ಕಿಲೋ ಮುಲ್ತಾನಿ ಮಣ್ಣು, ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿದ 350ರಿಂದ 400 ಮಿ.ಲೀ. ಬಿಸಿನೀರು. ಮಣ್ಣನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿಯಿರಿ, ಒಂದು ಮರಳಿನ ಕಣವಿದ್ದರೂ ಪಾಲಿಶ್ ಮೇಲೆ ಗೀರು ಬೀಳುತ್ತದೆ. ಸ್ಟೀಲು ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲೇ ಕಲಸಿ (ಅಲ್ಯುಮಿನಿಯಂ ಕಪ್ಪಾಗುತ್ತದೆ), ಕೈಗವಸು ಬಿಡಬೇಡಿ. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ, ರೊಟ್ಟಿ ಹಿಟ್ಟಿಗಿಂತ ಸಡಿಲ. ಅರ್ಧ ಸೆಂಟಿಮೀಟರಿಗೆ ಸ್ವಲ್ಪ ಮೇಲೆ ದಪ್ಪವಾಗಿ, ಕಲೆಯ ಅಂಚಿನಿಂದ ಎರಡು ಬೆರಳು ಆಚೆಗೂ ಬಳಿದು, ಪ್ಲಾಸ್ಟಿಕ್ ಹಾಳೆ ಮುಚ್ಚಿ ಸುತ್ತ ಟೇಪು ಅಂಟಿಸಿ. 24 ಗಂಟೆ ಬಿಡಿ.

ಬಹಳ ಜನ ಎಡವುವುದು ಇಲ್ಲಿಂದ ಮುಂದೆ. ಹಾಳೆ ಮುಚ್ಚಿರುವಾಗ ಜಿಡ್ಡು ಸಡಿಲವಾಗುತ್ತದೆ, ಅಷ್ಟೇ. ಅದು ಹೊರಗೆ ಬರುವುದು ಹಾಳೆ ತೆಗೆದು ಮಣ್ಣು ಒಣಗುವಾಗ: ಆರುವ ಮೇಲ್ಮೈ ಕಡೆಗೆ ದ್ರವ ಹರಿಯುತ್ತದೆ, ಜೊತೆಗೆ ಜಿಡ್ಡನ್ನೂ ಎಳೆದು ತಂದು ಮಣ್ಣಿನಲ್ಲಿ ಬಿಡುತ್ತದೆ. ಮಣ್ಣಿನ ಬಣ್ಣ ತಿಳಿಯಾಗಿ, ಮಣ್ಣು ಬಿರುಕು ಬಿಟ್ಟು, ತಾನಾಗಿ ಏಳುವವರೆಗೆ ಮುಟ್ಟಬಾರದು. ಜುಲೈನಲ್ಲಿ ಫ್ಯಾನಿಟ್ಟರೂ ಒಣಗದೆ ಬೂಷ್ಟು ಬಂದು, ಇದ್ದ ವಾಸನೆಗೆ ಇನ್ನೊಂದು ಸೇರುತ್ತದೆ. ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಮುಗಿದ ಮೇಲೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇದಕ್ಕೆ ಸರಿಯಾದ ಕಾಲ. ಒಣಗಿದ ಮಣ್ಣನ್ನು ಮರದ ಸಟ್ಟುಗದಿಂದ ಎಬ್ಬಿಸಿ, ಎರಡು ಮೂರು ನೀರಿನಲ್ಲಿ ಒರೆಸಿ. ಸೋಡಾ ಉಳಿದರೆ ಕರಿ ಕಲ್ಲಿನ ಮೇಲೆ ಬಿಳಿ ಪುಡಿ ಏಳುತ್ತದೆ. ವರ್ಷಗಟ್ಟಲೆ ಎಣ್ಣೆ ಕುಡಿದ ಕಲ್ಲಿಗೆ ಎರಡು ಮೂರು ಸರದಿ ಬೇಕೇ ಬೇಕು.

ಪೆಟ್ರೋಲು, ಡೀಸೆಲ್, ಯಂತ್ರದ ಆಯಿಲ್ ಸೋಡಾಕ್ಕೆ ಬಗ್ಗುವುದಿಲ್ಲ, ಅವು ಸೋಪಾಗುವ ಜಾತಿಯವಲ್ಲ. ಅದೇ ಮಣ್ಣನ್ನು ಅಸಿಟೋನ್‌ನಲ್ಲಿ ಕಲಸಬೇಕು. ಟರ್ಪೆಂಟೈನ್ ಕೂಡ ಕೆಲಸ ಮಾಡುತ್ತದೆ, ಆದರೆ ಅದರದೇ ವಾಸನೆ ದಿನಗಟ್ಟಲೆ ಕಾಡುತ್ತದೆ. ಎರಡೂ ಬೇಗ ಬೆಂಕಿ ಹಿಡಿಯುತ್ತವೆ: ಗ್ಯಾಸ್ ಒಲೆ, ಸೌದೆ ಒಲೆ, ದೇವರ ದೀಪ ಎಲ್ಲ ಆರಿರಬೇಕು, ಕಿಟಕಿ ತೆರೆದಿರಬೇಕು. ಗ್ರಾನೈಟ್ ಆಗಿದ್ದರೆ ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಿಂದ ಮೂಲೆಯಲ್ಲಿ ಉಜ್ಜಿ ನೋಡಿ. ಬಟ್ಟೆಗೆ ಕಪ್ಪು ಬಂದರೆ ಅದು ಬಣ್ಣ ಹಾಕಿ ಮಾರಿದ ಕಲ್ಲು, ಅಲ್ಲಿಗೇ ನಿಲ್ಲಿಸಿ.

ಬೇರೆ ಮದ್ದುಗಳ ಪೈಕಿ ಪಾತ್ರೆ ತೊಳೆಯುವ ಲಿಕ್ವಿಡ್ ಮೇಲಿನ ಪದರಕ್ಕೆ ಚೆನ್ನಾಗಿದೆ, ಮಣ್ಣು ಬಳಿಯುವ ಮೊದಲು ಒಮ್ಮೆ ಹಾಕಿ ತೊಳೆಯುವುದು ಒಳ್ಳೆಯದು, ಆಳಕ್ಕೆ ಇಳಿಯದು. ಬ್ಲೀಚಿಂಗ್ ಪುಡಿ ಜಿಡ್ಡು ಕರಗಿಸುವುದಿಲ್ಲ. ನಿಂಬೆ, ವಿನೆಗರ್, ಟಾಯ್ಲೆಟ್ ಆ್ಯಸಿಡ್ ಕಡಪದ ಹತ್ತಿರ ಬರಲೇಬಾರದು: ಅದು ಸುಣ್ಣಕಲ್ಲು, ಹುಳಿ ತಾಗಿದಲ್ಲಿ ಪಾಲಿಶ್ ತಿಂದು ಬಿಳಿ ಕಲೆ ಉಳಿಯುತ್ತದೆ. ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿ) ಚೆಲ್ಲಿದ ಕಲ್ಲು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಕೊಳ್ಳುವಾಗ ಗುಲಾಬಿ, ಗಂಧ ಬೆರೆತ ಫೇಸ್‌ಪ್ಯಾಕ್ ಬೇಡ. ನೂರು ಗ್ರಾಂ ಪೊಟ್ಟಣ ಲೆಕ್ಕಕ್ಕೂ ಬಾರದು, ಒಂದು ಚದರಡಿಗೇ ಐದು ಬೇಕು. ಗ್ರಂಥಿಗೆ ಅಂಗಡಿಯಲ್ಲಿ ಬರೀ ಮಣ್ಣನ್ನು ಕಿಲೋ ಲೆಕ್ಕದಲ್ಲಿ ಕೇಳಿ. ಒಂದು ಕೊರತೆ ನಿಜ: ಇದರಲ್ಲಿ ಕಬ್ಬಿಣದ ಅಂಶವಿರುವುದರಿಂದ ಬಿಳಿ ಮಾರ್ಬಲ್‌ಗೆ ಹಳದಿ ಛಾಯೆ ಹತ್ತಬಹುದು, ಅಲ್ಲಿ ಬಿಳಿ ಚೀನಾ ಜೇಡಿ ಬಳಸಿ. ಕಪ್ಪು ಕಲ್ಲಿಗೆ ಐದಕ್ಕೆ ನಾಲ್ಕು ಅಂಕ, ಬಿಳಿ ಕಲ್ಲಿಗೆ ಎರಡು.

ಮೂರು ಸರದಿ ಆದ ಮೇಲೂ ವಾಸನೆ ಉಳಿದರೆ ಮಣ್ಣನ್ನು ಬೈಯುವ ಮೊದಲು ಕಟ್ಟೆಯ ಕೆಳಗೆ ಕೈಯಾಡಿಸಿ. ಅಡಿಭಾಗಕ್ಕೆ ಪಾಲಿಶ್ ಇರುವುದಿಲ್ಲ; ಅಂಚಿನಿಂದ ಇಳಿದ ಎಣ್ಣೆ ಆ ಒರಟು ಮೈಯಲ್ಲಿ, ಗೋಡೆ ಸಂದಿನ ಸಿಮೆಂಟಿನಲ್ಲಿ ಕೂತಿರುತ್ತದೆ. ಅಲ್ಲಿಗೆ ಲೀಟರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿದ ಬಿಸಿನೀರು, ನಾರಿನ ಬ್ರಷ್ಷು. ಕಲ್ಲಿನ ರಂಧ್ರ ಮುಚ್ಚುವ ಸೀಲರ್ ಬಳಿಯುವುದಿದ್ದರೆ ಬಿಸಿಬಟ್ಟೆ ಪರೀಕ್ಷೆಯಲ್ಲಿ ಯಾವ ವಾಸನೆಯೂ ಬಾರದೆ, ಕಲ್ಲು ಪೂರ್ತಿ ಒಣಗಿದ ಮೇಲೆ ಬಳಿಯಿರಿ. ಮೊದಲೇ ಬಳಿದರೆ ಜಿಡ್ಡು ಒಳಗೇ ಉಳಿದು, ಮುಂದೆ ಯಾವ ಮಣ್ಣೂ ಅದನ್ನು ಎಳೆಯಲಾರದು.