ಮಾವನವರಿಗೆ ತಗೊಂಡ ತೂಕದ ಚಮಚ: ಸಾರನ್ನಕ್ಕೆ ಸೈ, ಮುದ್ದೆಗೆ ಬೇಡ

ಕೈ ನಡುಗೋರಿಗೆ ಅಂತ ಬರೋ ಈ ಭಾರದ ಚಮಚದ ಡಬ್ಬದ ಮೇಲೆ ದೊಡ್ಡದಾಗಿ ಪಾರ್ಕಿನ್ಸನ್ ಅಂತ ಬರ್ದಿದಾರೆ, ಅದನ್ನ ನೋಡಿ ನಮಗಲ್ಲ ಅಂತ ಬಿಟ್ಬಿಡ್ಬೇಡಿ. ನಮ್ಮ ಮಾವನವರಿಗೆ ಇರೋದು ಎಫ್‌ಎಕ್ಸ್‌ಟಿಎಎಸ್, ಅಂದ್ರೆ ವಯಸ್ಸಾದ್ಮೇಲೆ ನಡುಕ ಬಂದು ಬ್ಯಾಲೆನ್ಸ್ ತಪ್ಪೋ ಕಾಯಿಲೆ, ಫ್ರಜೈಲ್ ಎಕ್ಸ್ ಜೀನ್‌ದು. ಪಾರ್ಕಿನ್ಸನ್‌ನಲ್ಲಿ ಸಾಮಾನ್ಯವಾಗಿ ಕೈ ಸುಮ್ನೆ ತೊಡೆ ಮೇಲಿದ್ದಾಗ ನಡುಗುತ್ತೆ, ಇವರದ್ದು ಉಲ್ಟಾ, ಸುಮ್ನಿದ್ರೆ ಏನೂ ಇಲ್ಲ, ಏನಾದ್ರೂ ಹಿಡಿಯೋಕೆ ಹೋದ್ರೆ ಶುರು, ಚಮಚ ಬಾಯಿ ಹತ್ರ ಬಂದಷ್ಟೂ ಜಾಸ್ತಿ ಆಗಿ ಕೊನೆಗೆ ಸಾರೆಲ್ಲ ಅಂಗಿ ಮೇಲೆ.

ಚಮಚ ಸುಮಾರು 200 ಗ್ರಾಂ ತೂಗುತ್ತೆ, ದಪ್ಪ ಹಿಡಿ, ಮೇಲೆ ರಬ್ಬರ್. ಆ ಭಾರಕ್ಕೆ ನಡುಕ ಪೂರ್ತಿ ನಿಲ್ಲಲ್ಲ, ಆದ್ರೆ ಅಷ್ಟು ಅಗಲಕ್ಕೆ ಹೋಗಲ್ಲ. ಮೊಣಕೈ ಟೇಬಲ್ ಮೇಲೆ ಊರಿಸಿ ಕೂರಿಸಿದ್ರೆ ಸಾರನ್ನ, ಉಪ್ಪಿಟ್ಟು ತಾವೇ ತಿಂತಾರೆ, ಅರ್ಧ ಊಟ ಆದ್ಮೇಲೆ ಮಾತ್ರ ಕೈ ಸೋಲುತ್ತೆ. ಮುದ್ದೆಗೆ ಇದು ಬೇಕಾಗಿಲ್ಲ, ಮುದ್ದೆ ಕೈಯಲ್ಲೇ ಮುರಿದು ತಿನ್ಬೇಕು ಅನ್ನೋರು ಅವರು, ಅದಕ್ಕೆ ಎತ್ತರ ಅಂಚಿನ ತಟ್ಟೆ, ಕೆಳಗೆ ಜಾರದಿರೋ ಮ್ಯಾಟ್ ಸಾಕು. ಸೆಟ್‌ನಲ್ಲಿ ಬರೋ ಚಾಕು ವೇಸ್ಟ್. ತೊಳೆದ್ರೆ ಹಿಡಿ ಸಂದಿಲಿ ನೀರು ನಿಲ್ಲುತ್ತೆ, ತಲೆಕೆಳಗಾಗಿ ಒಣಗಿಸಿ.

ಇದ್ರಿಂದ ನಡಿಗೆ ಸರಿ ಹೋಗಲ್ಲ, ಅದನ್ನ ಮೊದ್ಲೇ ತಿಳ್ಕೊಂಡು ತಗೊಳ್ಳಿ. ನಿಜ ಹೇಳ್ಬೇಕಂದ್ರೆ ನಮಗೆ ಭಯ ಇರೋದು ನಡುಕದ್ದಲ್ಲ, ಬ್ಯಾಲೆನ್ಸ್‌ದು. ಕಾಲು ಅಗಲ ಇಟ್ಕೊಂಡು ನಡೀತಾರೆ, ಹಿಮ್ಮಡಿಗೆ ಬೆರಳು ತಾಗಿಸಿ ಗೆರೆ ಮೇಲೆ ನಡೀರಿ ಅಂದ್ರೆ ಎರಡನೇ ಹೆಜ್ಜೆಗೇ ವಾಲ್ತಾರೆ. ನಾಲ್ಕು ಚಕ್ರದ ವಾಕರ್‌ ಕೂಡ ತಂದ್ವಿ, ಅದು ಮುಂದಕ್ಕೆ ಓಡುತ್ತೆ, ಬ್ರೇಕ್ ಹಿಡೀಬೇಕು ಅನ್ನೋದೇ ಅವರಿಗೆ ನೆನಪಾಗಲ್ಲ, ಈ ಕಾಯಿಲೇಲಿ ಯೋಚಿಸಿ ಕೆಲಸ ಮಾಡೋ ಶಕ್ತಿನೂ ಕುಗ್ಗುತ್ತೆ. ಈಗ ಬಾತ್‌ರೂಮ್‌ಗೆ ಹಿಡಿ ಹಾಕ್ಸಿ ಫಿಸಿಯೋಥೆರಪಿ ಮಾಡಿಸ್ತಿದೀವಿ.

ಕಾಯಿಲೆ ಹೆಂಗೆ ಗೊತ್ತಾಯ್ತು ಅಂತ ಕೇಳೋರಿಗೆ: ನಾದಿನಿ ಮಗನಿಗೆ ಮಾತು ತಡ ಅಂತ ಟೆಸ್ಟ್ ಮಾಡಿಸಿದಾಗ ಫ್ರಜೈಲ್ ಎಕ್ಸ್ (ಮಕ್ಕಳ ಬುದ್ಧಿ ಬೆಳವಣಿಗೆ ತಡ ಮಾಡೋ, ವಂಶದಲ್ಲಿ ಬರೋ ಕಾಯಿಲೆ) ಅಂತ ಬಂತು, ಅಲ್ಲಿಂದ ಅಜ್ಜನ ತನಕ ಹೋಯ್ತು. ಎಫ್‌ಎಂಆರ್‌1 ಅನ್ನೋ ಜೀನ್‌ನಲ್ಲಿ ಸಿಜಿಜಿ ಅನ್ನೋ ತುಂಡು ಮತ್ತೆ ಮತ್ತೆ ಬರುತ್ತೆ, 55ರಿಂದ 200 ಸಲದ ತನಕ ಇದ್ರೆ ಪ್ರೀಮ್ಯುಟೇಶನ್ ಅಂತಾರೆ, 200 ದಾಟಿದ್ರೆ ಜೀನ್ ಸಾಮಾನ್ಯವಾಗಿ ಮುಚ್ಕೊಂಡು, ಅಂದ್ರೆ ಕೆಲಸ ನಿಲ್ಸಿ, ಆ ಮಗುಗೇ ಫ್ರಜೈಲ್ ಎಕ್ಸ್ ಬರುತ್ತೆ. ಮಾವನವರ ಥರ ಪ್ರೀಮ್ಯುಟೇಶನ್ ಇರೋರಲ್ಲಿ ಜೀನ್ ಮುಚ್ಚಲ್ಲ, ಆರ್‌ಎನ್‌ಎ (ಜೀನ್‌ನ ನಕಲು ಪ್ರತಿ) ಅಗತ್ಯಕ್ಕಿಂತ ಜಾಸ್ತಿ ತಯಾರಾಗಿ ಮೆದುಳಿಗೆ ವಿಷ ಆಗುತ್ತೆ. ಈ ಪ್ರೀಮ್ಯುಟೇಶನ್ ಅಪ್ಪನಿಂದ ಎಲ್ಲಾ ಹೆಣ್ಣುಮಕ್ಕಳಿಗೂ ಹೋಗುತ್ತೆ, ಗಂಡುಮಕ್ಕಳಿಗೆ ಹೋಗಲ್ಲ (ನಮ್ಮೆಜಮಾನ್ರು ಬಚಾವ್), ಅಮ್ಮನಿಂದ ಮಗುಗೆ ಹೋಗೋವಾಗ ಸಂಖ್ಯೆ ದೊಡ್ಡದಾಗ್ಬಹುದು. ಮಾವನವರ ಈ ಕಾಯಿಲೆನ ಡಾಕ್ಟರ್‌ಗಳು ಗುರುತಿಸಿದ್ದೇ 2001ರಲ್ಲಿ, ಹಂಗಾಗಿ ತುಂಬಾ ಜನರಿಗೆ ಪಾರ್ಕಿನ್ಸನ್, ವಯಸ್ಸು ಅಂತ ಹೇಳಿ ಕಳಿಸ್ತಾರೆ. ಪ್ರೀಮ್ಯುಟೇಶನ್ ಇರೋ 50 ದಾಟಿದ ಗಂಡಸರಲ್ಲಿ ಸುಮಾರು ನೂರಕ್ಕೆ 40 ಜನಕ್ಕೆ ಬರುತ್ತಂತೆ, ಹೆಂಗಸ್ರಲ್ಲಿ ಕಮ್ಮಿ, ಆದ್ರೆ ಅವರಲ್ಲಿ ಕೆಲವರಿಗೆ ಮುಟ್ಟು ಬೇಗ ನಿಲ್ಲೋ ತೊಂದ್ರೆ ಇರುತ್ತೆ. ಎಂಆರ್‌ಐನಲ್ಲಿ ಕಿರುಮೆದುಳಿನ ಹತ್ರ ಎರಡೂ ಕಡೆ ಬೆಳ್ಳಗೆ ಕಂಡ್ರೆ ನ್ಯೂರಾಲಜಿಸ್ಟ್‌ಗೆ ಅನುಮಾನ ಬರುತ್ತೆ, ಗ್ಯಾರಂಟಿ ಆಗೋದು ರಕ್ತದ ಜೀನ್ ಟೆಸ್ಟಲ್ಲಿ. ಮನೇಲಿ ಮೊಮ್ಮಗುಗೆ ಆಟಿಸಂ ಅಥವಾ ಬುದ್ಧಿ ಬೆಳವಣಿಗೆ ತಡ, ತಾತನಿಗೆ ನಡುಕ, ಎರಡೂ ಇದ್ರೆ ಡಾಕ್ಟರ್‌ಗೆ ಎರಡನ್ನೂ ಒಟ್ಟಿಗೆ ಹೇಳಿ.

ಪೂರ್ತಿ ವಾಸಿ ಮಾಡೋ ಮದ್ದಿಲ್ಲ, ನಡುಕಕ್ಕೆ ಪ್ರೊಪ್ರನಲಾಲ್, ಪ್ರಿಮಿಡೋನ್ ಥರದ ಮಾತ್ರೆ ಕೆಲವರಿಗೆ ಆಗುತ್ತೆ, ಅದನ್ನ ಡಾಕ್ಟ್ರೇ ನೋಡ್ಬೇಕು.

ಚಮಚಕ್ಕೆ ನಾಲ್ಕು ಸ್ಟಾರ್, ಒಂದು ಕಟ್ ಮಾಡಿದ್ದು ಚಾಕುಗೆ. ಅದೇ ಕಂಪನೀದು ಮುಚ್ಚಳದ ಕಪ್‌ಗೆ ಎರಡೇ, ಕಾಫಿ ವಾಸನೆನೇ ಬರಲ್ಲ ಅಂತ ಮಾವ ಮುಟ್ಟಲ್ಲ, ಭಾರದ ಸ್ಟೀಲ್ ಲೋಟದಲ್ಲಿ ಅರ್ಧ ಹಾಕಿ ಎರಡು ಸಲ ಕೊಡ್ತೀವಿ.