"ಒಂದು ಪೆನ್ನಿಯೂ ಕೊಡಬೇಕಿಲ್ಲ" ಅಂತ ಬದಲಿ ಕಾರು ಕೊಡುವವರ ಬಗ್ಗೆ ಎಚ್ಚರ

ಇಂಗ್ಲೆಂಡಿನಲ್ಲಿ ಕಾರು ಓಡಿಸುವ ಕನ್ನಡದವರು, ಅದರಲ್ಲೂ ಈಚೆಗೆ ಆಸ್ಪತ್ರೆ ಕೆಲಸಕ್ಕೋ ಸಾಫ್ಟ್‌ವೇರ್ ಕೆಲಸಕ್ಕೋ ಬಂದವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಅಪಘಾತದಲ್ಲಿ ನಿಮ್ಮದು ಏನೂ ತಪ್ಪಿಲ್ಲದಿದ್ದರೂ ಸಾವಿರಾರು ಪೌಂಡ್ ಸಾಲ ನಿಮ್ಮ ಹೆಸರಿಗೆ ಬೀಳಬಹುದು. ಅದು ಸಾಲ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನಗೂ ಹೇಳಲಿಲ್ಲ.

ಕೊವೆಂಟ್ರಿಯಲ್ಲಿ ಸಿಗ್ನಲ್ಲಿಗೆ ನಿಂತಿದ್ದ ನನ್ನ ಕಾರಿಗೆ ಒಬ್ಬರು ಹಿಂದಿನಿಂದ ಬಂದು ಗುದ್ದಿದರು. ಅವರೇ ಇಳಿದು ಬಂದು ಸಾರಿ ಕೇಳಿದರು, ವಿಮೆಯ ವಿವರ ಕೊಟ್ಟರು. ಜಗಳ ಇಲ್ಲ, ಗೊಂದಲ ಇಲ್ಲ. ನನ್ನ ವಿಮಾ ಕಂಪನಿಗೆ ಫೋನ್ ಮಾಡಿದೆ. "ನಿಮ್ಮ ತಪ್ಪಿಲ್ಲ ಅಲ್ವಾ, ಹಾಗಾದ್ರೆ ನಮ್ಮ ಪಾರ್ಟ್ನರ್‌ಗೆ ಲೈನ್ ಕೊಡ್ತೀವಿ, ಅವರೇ ಎಲ್ಲ ನೋಡಿಕೊಳ್ತಾರೆ" ಅಂದರು. ಆ ಪಾರ್ಟ್ನರ್ ಒಂದು ಕ್ರೆಡಿಟ್ ಹೈರ್ ಕಂಪನಿ, ಅಂದರೆ ಸಾಲದ ಲೆಕ್ಕದಲ್ಲಿ ಕಾರು ಬಾಡಿಗೆಗೆ ಕೊಡುವವರು. ಆ ಪದವನ್ನು ಫೋನಿನಲ್ಲಿ ಒಂದು ಸಲವೂ ಬಳಸಲಿಲ್ಲ. "ನಿಮ್ಮ ಕೈಯಿಂದ ಒಂದು ಪೆನ್ನಿಯೂ ಹೋಗಲ್ಲ, ಗುದ್ದಿದವರ ವಿಮೆಯವರು ಕೊಡ್ತಾರೆ" ಅಂತ ಮಾತ್ರ ಮತ್ತೆ ಮತ್ತೆ ಹೇಳಿದರು. ರಾತ್ರಿ ಪಾಳಿ ಇತ್ತು, ಬಸ್ಸಿಲ್ಲದ ಹೊತ್ತು. ಮಾರನೇ ದಿನ ಕಾರು ಮನೆ ಬಾಗಿಲಿಗೇ ಬಂತು. ತಂದವನು ಟ್ಯಾಬ್ಲೆಟ್ ಚಾಚಿ ಸಹಿ ಮಾಡಿಸಿಕೊಂಡು ಹೋದ. ಪೂರ್ತಿ ಒಪ್ಪಂದ ಆಮೇಲೆ ಮೇಲ್‌ನಲ್ಲಿ ಬಂತು.

ಈ ವ್ಯವಹಾರ ಹೇಗೆ ಅಂದರೆ, ಬಾಡಿಗೆ ದಿನದಿನವೂ ನಿಮ್ಮ ಹೆಸರಲ್ಲಿ ಸಾಲವಾಗಿ ಏರುತ್ತಾ ಹೋಗುತ್ತದೆ. ಅದೂ ಮಾಮೂಲಿ ಬಾಡಿಗೆ ಅಂಗಡಿಯ ದರಕ್ಕಿಂತ ಎಷ್ಟೋ ಜಾಸ್ತಿ. ನನ್ನದು ದಿನಕ್ಕೆ ನೂರು ಪೌಂಡ್ ದಾಟಿತ್ತು. ಅದರ ಮೇಲೆ ಕಾರು ತಂದುಕೊಟ್ಟ ಖರ್ಚು, ಡ್ಯಾಮೇಜ್ ವೇವರ್ (ಬಾಡಿಗೆ ಕಾರಿಗೆ ಹಾನಿಯಾದರೆ ನಮ್ಮ ಮೇಲೆ ಬೀಳುವ ಹೊರೆ ತಗ್ಗಿಸಲು ಕಟ್ಟುವ ದುಡ್ಡು) ಖರ್ಚು ಬೇರೆ. ಕೊನೆಗೆ ಆ ಕಂಪನಿ ನಿಮ್ಮ ಹೆಸರಲ್ಲೇ ಕೋರ್ಟಿಗೆ ಹೋಗಿ ಎದುರಿನವರಿಂದ ವಸೂಲಿ ಮಾಡಲು ನೋಡುತ್ತದೆ. ಹೌದು, ನಿಮ್ಮ ಹೆಸರಲ್ಲಿ. ನನ್ನ ಹೆಸರಲ್ಲಿ ದಾವೆ ಬಿದ್ದಿದೆ ಅಂತ ನನಗೆ ಗೊತ್ತಾಗಿದ್ದು ವಕೀಲರ ಕಾಗದ ಬಂದಾಗ.

ಕಾರು ಬಂದ ವಾರದಲ್ಲೇ ಗುದ್ದಿದವರ ವಿಮಾ ಕಂಪನಿ ನನಗೊಂದು ಕಾಗದ ಬರೆದಿತ್ತು. ತಪ್ಪು ನಮ್ಮವರದೇ, ಕಾರು ನಾವೇ ಕೊಡುತ್ತೇವೆ, ನಮಗೆ ದಿನಕ್ಕೆ ಇಷ್ಟು ಖರ್ಚಾಗುತ್ತದೆ ಅಂತ ದರವನ್ನೂ ಬರೆದಿದ್ದರು. ನಾನು ಆ ಕಾಗದವನ್ನು ಹೈರ್ ಕಂಪನಿಗೆ ಕಳಿಸಿ ಏನು ಮಾಡಲಿ ಅಂತ ಕೇಳಿದೆ. ಅವರ ಉತ್ತರ: "ಇದು ಎಲ್ಲರಿಗೂ ಬರುತ್ತೆ, ಅವರ ಜೊತೆ ಮಾತಾಡಬೇಡಿ, ನಮಗೆ ಬಿಡಿ." ಬಿಟ್ಟೆ. ಅದೇ ಕಾಗದ ಮುಂದೆ ಕೋರ್ಟಿನಲ್ಲಿ ನನ್ನ ವಿರುದ್ಧವೇ ಬಂತು. 2009ರ ಕೋಪ್ಲಿ ವಿರುದ್ಧ ಲಾನ್ ಪ್ರಕರಣದಲ್ಲಿ ಕೋರ್ಟ್ ಆಫ್ ಅಪೀಲ್ ಇಂಥ ಕಾಗದಗಳ ಬಗ್ಗೆ ತೀರ್ಪು ಕೊಟ್ಟಿದೆ. ದರ ಸ್ಪಷ್ಟವಾಗಿ ತಿಳಿಸಿದ ಮೇಲೂ ಸಕಾರಣವಿಲ್ಲದೆ ಬೇಡ ಅಂದರೆ, ಆ ದರಕ್ಕಿಂತ ಹೆಚ್ಚು ಸಿಗುವುದು ಕಷ್ಟ. ದಿನಾ ಇದೇ ಕೆಲಸ ಮಾಡುವ ಕಂಪನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೇ "ನಮಗೆ ಬಿಡಿ" ಅಂದರು.

ಇನ್ನೊಂದು ಸಂಗತಿ ಹೇಳಲೇಬೇಕು. ಬರೆಯುವಾಗ ಈಗಲೂ ಮೈ ಉರಿಯುತ್ತದೆ. ಮೊದಲ ಫೋನಿನಲ್ಲಿ ಹೈರ್ ಕಂಪನಿಯ ಹುಡುಗಿ, "ಕೈಯಿಂದ ದುಡ್ಡು ಹಾಕಿ ಬಾಡಿಗೆ ಕಾರು ತಗೊಳ್ಳೋದು ನಿಮಗೆ ಕಷ್ಟ ಅಲ್ವಾ?" ಅಂತ ಕೇಳಿದ್ದಳು. ಯಾರಿಗೆ ಕಷ್ಟವಲ್ಲ ಹೇಳಿ? ಹೌದು ಅಂದೆ. ತಿಂಗಳುಗಳಾದ ಮೇಲೆ ಅವರ ವಕೀಲರು ನನ್ನ ಸಾಕ್ಷಿ ಹೇಳಿಕೆ ಅಂತ ಒಂದು ಕರಡು ಕಳಿಸಿದರು. ನನ್ನ ಹತ್ತಿರ ಬಾಡಿಗೆಗೆ ದುಡ್ಡೇ ಇರಲಿಲ್ಲ, ನನಗೆ ಬೇರೆ ದಾರಿಯೇ ಇರಲಿಲ್ಲ ಅಂತ ಅದರಲ್ಲಿ ಬರೆದಿತ್ತು! ನನ್ನ ಸಂಬಳ, ನನ್ನ ಉಳಿತಾಯ ಎಷ್ಟು ಅಂತ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಯಾಕೆ ಹೀಗೆ ಬರೆದರು ಅಂತ ಆಮೇಲೆ ತಿಳಿಯಿತು. ದುಡ್ಡಿರುವವರಿಗೆ ಮಾಮೂಲಿ ಬಾಡಿಗೆ ದರ ಮಾತ್ರ ಸಿಗಬೇಕು ಅಂತ 2000ದ ಡಿಮಂಡ್ ವಿರುದ್ಧ ಲವೆಲ್ ತೀರ್ಪಿನಿಂದ ನಡೆದು ಬಂದಿದೆ. ಕೈಯಲ್ಲಿ ದುಡ್ಡಿಲ್ಲದೆ ಬೇರೆ ದಾರಿ ಕಾಣದವರಿಗೆ ಪೂರ್ತಿ ಕ್ರೆಡಿಟ್ ದರ ಸಿಗಬಹುದು ಅಂತ 2003ರ ಲ್ಯಾಗ್ಡನ್ ತೀರ್ಪು ಹೇಳಿತು. ಎರಡೂ ಆಗ ಇಲ್ಲಿಯ ಅತಿ ಮೇಲಿನ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ತೀರ್ಪುಗಳೇ. ಅಂದರೆ ನನ್ನನ್ನು ಬಡವರ ಲೆಕ್ಕಕ್ಕೆ ಸೇರಿಸಿದರೆ ಆ ಕಂಪನಿಗೆ ಪೂರ್ತಿ ದುಡ್ಡು!

ಆ ಹೇಳಿಕೆಯ ಕೊನೆಯಲ್ಲಿ ಇದೆಲ್ಲ ಸತ್ಯ ಅಂತ ನಾನು ಸಹಿ ಹಾಕಬೇಕು. ಬೇಕೆಂದೇ ಸುಳ್ಳು ಬರೆದು ಸಹಿ ಹಾಕಿದರೆ ಇಲ್ಲಿ ನ್ಯಾಯಾಂಗ ನಿಂದನೆಯ ಕ್ರಮಕ್ಕೆ ಒಳಗಾಗಬಹುದು. ನಾನು ಹಾಕುವುದಿಲ್ಲ ಅಂದೆ. ಅದಕ್ಕೆ ಬಂದ ಉತ್ತರ ನೋಡಿ: "ಒಪ್ಪಂದದ ಪ್ರಕಾರ ನೀವು ಕ್ಲೇಮಿಗೆ ಸಹಕರಿಸಬೇಕು. ಸಹಕರಿಸದಿದ್ದರೆ ಪೂರ್ತಿ ಬಾಡಿಗೆ ನಿಮ್ಮಿಂದ ವಸೂಲಿ ಮಾಡುವ ಹಕ್ಕು ನಮಗಿದೆ." ಒಂದು ಪೆನ್ನಿಯೂ ಹೋಗಲ್ಲ ಅಂದವರೇ ಇವರು! ನಿಮ್ಮ ಮೊದಲ ಕರೆಯ ರೆಕಾರ್ಡಿಂಗ್ ಕೊಡಿ ಅಂದೆ. "ಕಾರು ಬೇಕು ಅಂತ ಕೇಳಿದ್ದು ನೀವೇ ಅಲ್ವಾ" ಅಂದರು. ಕೇಳಿದ್ದಕ್ಕೆ ಉತ್ತರವಿಲ್ಲ.

ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಸಹಿ ಹಾಕಿದೆ. ಅಪಘಾತಕ್ಕೆ ಮುಂಚಿನ ತಿಂಗಳುಗಳ ಬ್ಯಾಂಕ್ ಲೆಕ್ಕ, ಸಂಬಳದ ಚೀಟಿ ಎಲ್ಲ ಎದುರಿನವರಿಗೆ ಕೊಡಬೇಕಾಯಿತು. ಕೌಂಟಿ ಕೋರ್ಟಿನಲ್ಲಿ ಅವರ ಬ್ಯಾರಿಸ್ಟರ್ ಅದನ್ನು ಸಾಲು ಸಾಲಾಗಿ ಓದಿದರು. ದಾವಣಗೆರೆಗೆ ಅಪ್ಪ ಅಮ್ಮನಿಗೆ ತಿಂಗಳಿಗೆ ಕಳಿಸುವ ದುಡ್ಡಿನ ಮೇಲೆ ಬೆರಳಿಟ್ಟು, "ಇದನ್ನು ಕಳಿಸಲು ಆಗುತ್ತಿದ್ದರೆ ಬಾಡಿಗೆ ಕಟ್ಟಲು ಯಾಕೆ ಆಗುತ್ತಿರಲಿಲ್ಲ?" ಅಂತ ಕೇಳಿದರು. ಗುರುತಿಲ್ಲದವರ ಮುಂದೆ ಅಪ್ಪನ ಔಷಧಿ ಖರ್ಚು ವಿವರಿಸುತ್ತಾ ನಿಂತಿದ್ದೆ. ಗುದ್ದಿಸಿಕೊಂಡಿದ್ದು ನಾನು. ಆದರೂ ಪ್ರಶ್ನೆ ಎಲ್ಲ ನನಗೇ. ಆ ಅವಮಾನವನ್ನು ಮನೆಯವರಿಗೆ ಪೂರ್ತಿ ಹೇಳಿಲ್ಲ.

ಎದುರಿನವರು ಕಾಗದದಲ್ಲಿ ಬರೆದಿದ್ದ ದರವನ್ನಷ್ಟೇ ಜಡ್ಜ್ ಕೊಟ್ಟರು. ಬಿಲ್ಲಿನ ದೊಡ್ಡ ಪಾಲು ಹಾಗೇ ಉಳಿದಿದೆ. ಅದು ಯಾರ ತಲೆಗೆ ಅಂತ ಕೇಳಿದರೆ, "ನಮ್ಮ ಹಕ್ಕನ್ನು ಕಾಯ್ದಿರಿಸಿದ್ದೇವೆ" ಅಂತ ಒಂದು ಸಾಲಿನ ಮೇಲ್.

ಆದ್ದರಿಂದ ಹೇಳುತ್ತೇನೆ. ನಿಮ್ಮ ವಿಮೆಯವರು "ಪಾರ್ಟ್ನರ್" ಅಂದ ಕೂಡಲೇ ಇದು ಕ್ರೆಡಿಟ್ ಹೈರಾ ಅಂತ ನೇರವಾಗಿ ಕೇಳಿ. ಹೌದು ಅಂದರೆ ದಿನದ ದರ ಮತ್ತು ದುಡ್ಡು ಬರದಿದ್ದರೆ ಯಾರು ಕೊಡಬೇಕು ಅನ್ನೋದನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಬರವಣಿಗೆಯಲ್ಲಿ ಕೊಡಲ್ಲ ಅಂದರೆ ಫೋನ್ ಇಡಿ. ನಿಮ್ಮ ಪಾಲಿಸಿಯಲ್ಲೇ ಕರ್ಟಸಿ ಕಾರು, ಅಂದರೆ ರಿಪೇರಿ ಮುಗಿಯುವವರೆಗೆ ಕೊಡುವ ಬದಲಿ ಕಾರು, ಇದೆಯಾ ನೋಡಿ. ಎದುರಿನವರು ಕಾರು ಕೊಡುತ್ತೇವೆ ಅಂತ ಬರೆದರೆ ಉತ್ತರ ನೀವೇ ಕೊಡಿ. ಈಗಾಗಲೇ ಸಹಿ ಹಾಕಿದ್ದರೆ ಒಪ್ಪಂದದಲ್ಲಿ ರದ್ದತಿಯ ಅವಧಿ ಇದೆಯಾ ಅಂತ ಇವತ್ತೇ ಹುಡುಕಿ. ನನ್ನದರಲ್ಲಿ 14 ದಿನ ಇತ್ತು, ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ನನ್ನನ್ನು ಇವರ ಕೈಗೆ ದಾಟಿಸಿದ ನನ್ನ ವಿಮಾ ಕಂಪನಿಯ ಮೇಲೆ ಲಿಖಿತ ದೂರು ಕೊಟ್ಟಿದ್ದೇನೆ. ಅವರಿಗೆ ಉತ್ತರಿಸಲು 8 ವಾರ ಇದೆ. ಆಮೇಲೆ ವಿಮೆ, ಬ್ಯಾಂಕಿನಂಥ ಕಂಪನಿಗಳ ಮೇಲಿನ ದೂರು ವಿಚಾರಿಸುವ ಫೈನಾನ್ಶಿಯಲ್ ಓಂಬುಡ್ಸ್‌ಮನ್ ಹತ್ತಿರ ಹೋಗುತ್ತೇನೆ, ಅದಕ್ಕೆ ಫೀಸಿಲ್ಲ. ಇದೇ ರೀತಿ "ಸಹಕರಿಸಬೇಕು" ಅನ್ನುವ ಕಾಗದ ಯಾರಿಗಾದರೂ ಬಂದಿದ್ದರೆ ಸಹಿ ಹಾಕುವ ಮುಂಚೆ ನನಗೊಂದು ಮಾತು ಬರೆಯಿರಿ. ನನ್ನ ಕಾಗದಗಳನ್ನೆಲ್ಲ ತೋರಿಸುತ್ತೇನೆ.