ಒಂದು ನೇರಳೆ ಹಣ್ಣು, ನಾಲ್ಕು ಬಗೆಯ ಬಣ್ಣದ ಪೆನ್ಸಿಲ್

ಹಾಸನದಲ್ಲಿ ಅಕ್ಕನ ಮನೆ ಗೃಹಪ್ರವೇಶಕ್ಕೆ ಒಂದು ದಾಸವಾಳದ ಚಿತ್ರ ಬರೆದುಕೊಟ್ಟಿದ್ದೆ. ಹದಿನೈದು ದಿನ ಕೂತು ಬಣ್ಣದ ಪೆನ್ಸಿಲ್‌ನಲ್ಲಿ ಬರೆದದ್ದು. ಹಾಲ್‌ನಲ್ಲಿ ಕಿಟಕಿಯ ಎದುರಿನ ಗೋಡೆಗೇ ಹಾಕಿದ್ದರು. ಮೂರು ವರ್ಷ ಆದ ಮೇಲೆ ಒಂದು ಸಲ ಹೋದಾಗ ಗಾಜು ಒರೆಸೋಣ ಅಂತ ಫ್ರೇಮ್ ಬಿಚ್ಚಿದೆ. ಒಂದು ದಳದ ತುದಿ ಸುತ್ತಲಿನ ರಟ್ಟಿನ ಮೌಂಟ್ ಅಡಿಗೆ ಹೋಗಿತ್ತು. ಮೌಂಟ್ ಎತ್ತಿದರೆ ಅಲ್ಲಿ ಮಾತ್ರ ಕಡು ಗುಲಾಬಿ. ಉಳಿದ ಹೂವೆಲ್ಲ ಎಷ್ಟೋ ಸಲ ಒಗೆದ ಬಟ್ಟೆಯ ಹಾಗೆ ಬಿಳಚಿಕೊಂಡಿತ್ತು. ಎಲೆಯ ಹಸಿರಿಗೆ ಏನೂ ಆಗಿರಲಿಲ್ಲ. ಕಾಂಡದ ಕಂದು ಬಣ್ಣವೂ ಹಾಗೇ ಇತ್ತು.

"ಮೊದಲಿಂದ ಹೀಗೇ ಇತ್ತಲ್ವೇನೇ?" ಅಂದಳು ಅಕ್ಕ. ದಿನಾ ನೋಡುವವರಿಗೆ ಗೊತ್ತಾಗುವುದೇ ಇಲ್ಲ. ನನಗೆ ಮಾತ್ರ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು.

ಅಲ್ಲಿಯವರೆಗೆ ನಾನು ಪೆನ್ಸಿಲ್ ಆರಿಸುತ್ತಿದ್ದದ್ದು ಅಂಗಡಿಯಲ್ಲಿ ಒಂದು ಗೀಟು ಎಳೆದು ನೋಡಿ. ಮೆತ್ತಗಿದೆಯಾ, ಬಣ್ಣ ಗಾಢವಾಗಿ ಬರುತ್ತಾ, ಅಷ್ಟೇ. ಬಿಸಿಲಿಗೆ ಬೆಳಕಿಗೆ ನಿಲ್ಲುತ್ತಾ ಅಂತ ಕೇಳಿದವಳೇ ಅಲ್ಲ. ಈ ಸಲ ಎರಡನ್ನೂ ಸರಿಯಾಗಿ ನೋಡಿಬಿಡೋಣ ಅಂತ ಹೊರಟೆ. ಬರೆಯುವಾಗ ಹೇಗೆ, ಬರೆದ ಮೇಲೆ ಹೇಗೆ.

ತೆಗೆದುಕೊಂಡದ್ದು ನಾಲ್ಕು ಬಗೆ. ಮೊದಲನೆಯದು ಜರ್ಮನಿಯ ಫೇಬರ್ ಕ್ಯಾಸ್ಟೆಲ್‌ನ ಪಾಲಿಕ್ರೋಮೋಸ್, 24ರ ಡಬ್ಬಿ. 1908ರಿಂದ ಬರುತ್ತಿರುವ ಪೆನ್ಸಿಲ್ ಇದು, ಪೂರ್ತಿ ಸಾಲಿನಲ್ಲಿ 120 ಬಣ್ಣ ಇವೆ. ಎರಡನೆಯದು ಅಮೆರಿಕದವರ ಪ್ರಿಸ್ಮಾಕಲರ್ ಪ್ರೀಮಿಯರ್, ಅದೂ 24. ಇದರ ಕಥೆ 1938ರಲ್ಲಿ ಶುರುವಾಗುತ್ತದೆ, ಸಾಲಿನಲ್ಲಿ 150 ಬಣ್ಣ. ಎರಡರಲ್ಲೂ ನನಗೆ ಬೇಕಾದ ನೇರಳೆ ಬಣ್ಣಗಳನ್ನು ಬಿಡಿಯಾಗಿ ಸೇರಿಸಿಕೊಂಡೆ. ಮೂರನೆಯದು ಸ್ವಿಟ್ಜರ್ಲೆಂಡಿನ ಕರಾನ್ ದಾಶ್ ಕಂಪನಿಯ ಲೂಮಿನನ್ಸ್. ಕರಂದಾಶ್ ಅಂದರೆ ರಷ್ಯನ್ ಭಾಷೆಯಲ್ಲಿ ಪೆನ್ಸಿಲ್ ಅಂತಲೇ ಅರ್ಥವಂತೆ, ಎಷ್ಟು ಚೆನ್ನಾಗಿದೆ ಅಲ್ವಾ! ಇದರ ಒಂದೇ ಪೆನ್ಸಿಲ್ ಬೆಲೆಗೆ ಮಕ್ಕಳ ಒಂದು ಇಡೀ ಬಾಕ್ಸ್ ಬರುತ್ತದೆ. ಹಾಗಾಗಿ ನಾಲ್ಕೇ ನಾಲ್ಕು ತಂದೆ: ಬಿಳಿ, ಒಂದು ನೇರಳೆ, ಒಂದು ಕಡು ನೀಲಿ, ಒಂದು ಕಂದು. ನಾಲ್ಕನೆಯದು ನಮ್ಮ ಬೀದಿ ಕೊನೆಯ ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಶಾಲೆ ಮಕ್ಕಳು ಒಯ್ಯುವ 24 ಬಣ್ಣದ ಬಾಕ್ಸ್. ಅದರ ಹೆಸರು ಇಲ್ಲಿ ಬೇಡ.

ಬಣ್ಣದ ಪೆನ್ಸಿಲ್ ಕಡ್ಡಿಯೊಳಗೆ ಏನಿರುತ್ತದೆ ಅಂತ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ವ್ಯತ್ಯಾಸ ಎಲ್ಲ ಇರುವುದು ಅಲ್ಲೇ. ಬಣ್ಣದ ಪುಡಿ, ಜೇಡಿಯಂಥ ಬಿಳಿ ಪುಡಿ, ಒಂದಿಷ್ಟು ಅಂಟು, ಮತ್ತೆ ಮೇಣ ಅಥವಾ ಎಣ್ಣೆ. ಕಪ್ಪು ಪೆನ್ಸಿಲ್ ಕಡ್ಡಿಯನ್ನು ಭಟ್ಟಿಯಲ್ಲಿ ಸುಡುತ್ತಾರೆ. ಇದನ್ನು ಸುಡುವಂತಿಲ್ಲ, ಮೇಣ ಕರಗಿ ಬಣ್ಣ ಕೆಡುತ್ತದೆ. ಅದಕ್ಕೇ ಬಣ್ಣದ ಕಡ್ಡಿ ಸಾಮಾನ್ಯವಾಗಿ ಕಪ್ಪು ಕಡ್ಡಿಗಿಂತ ಮೆದು. ಬಾಕ್ಸ್ ಅಗ್ಗ ಆದಷ್ಟೂ ಬಣ್ಣದ ಪುಡಿ ಕಡಿಮೆ, ಬಿಳಿ ಪುಡಿ ಜಾಸ್ತಿ. ಪಾಲಿಕ್ರೋಮೋಸ್‌ಗೆ ಎಣ್ಣೆ ಪೆನ್ಸಿಲ್ ಅನ್ನುತ್ತಾರೆ, ಅದರಲ್ಲೂ ಒಂದಿಷ್ಟು ಮೇಣ ಇದ್ದೇ ಇದೆ. ಪ್ರಿಸ್ಮಾಕಲರ್ ಮತ್ತು ಲೂಮಿನನ್ಸ್ ಮೇಣದವು.

ಫೆಬ್ರುವರಿಯಲ್ಲಿ ಕಿಟಕಿ ಕೆಲಸ ಶುರು ಮಾಡಿದೆ. ಪ್ರತಿ ಬಣ್ಣವನ್ನೂ ಒಂದು ಪಟ್ಟಿ ಕಾಗದದ ಮೇಲೆ ಗಾಢವಾಗಿ ತುಂಬಿದೆ. ಪಟ್ಟಿಯ ಅರ್ಧಕ್ಕೆ ಅಡುಗೆಮನೆಯ ಫಾಯಿಲ್ ಸುತ್ತಿದೆ. ಮೈಸೂರಿನ ನಮ್ಮ ಮನೆಯ ಪಡುವಣ ಕಿಟಕಿಯ ಗಾಜಿಗೆ ಒಳಗಡೆಯಿಂದ ಅಂಟಿಸಿದೆ. ಎಲ್ಲ ಸೇರಿ ಸುಮಾರು 80 ಬಣ್ಣ. ಗಾಜಿನ ಆಚೆ ಯಾಕೆ ಇಡಲಿಲ್ಲ ಅಂದರೆ, ಚಿತ್ರ ಮನೆಯಲ್ಲಿ ಇರುವುದೂ ಗಾಜಿನ ಹಿಂದೇ ತಾನೇ. ದಿನಾಂಕ ಬರೆದು ಸುಮ್ನೆ ಬಿಟ್ಟೆ.

ಜೂನ್ ಬಂತು, ದೇವರಾಜ ಮಾರ್ಕೆಟ್ಟಿಗೆ ನೇರಳೆ ಹಣ್ಣು ಬಂತು. ಬರೆದು ನೋಡುವುದಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ದೂರದಿಂದ ಕಪ್ಪು ಅನ್ನಿಸುತ್ತದೆ. ಕೈಯಲ್ಲಿ ಹಿಡಿದು ನೋಡಿ: ತೊಟ್ಟಿನ ಹತ್ತಿರ ಕೆಂಪು ಇಣುಕುತ್ತದೆ, ಹೊಟ್ಟೆಯ ಮೇಲೆ ನೀಲಿ ಮಿಂಚು, ಕಿಟಕಿ ಬೆಳಕು ಬಿದ್ದ ಕಡೆ ಅಕ್ಕಿಕಾಳಿನಷ್ಟು ಬಿಳಿ. ಬಣ್ಣದ ಮೇಲೆ ಬಣ್ಣ ಕೂರದಿದ್ದರೆ ಈ ಹಣ್ಣು ಗೋಲಿಯ ಹಾಗೆ ಕಾಣುತ್ತದೆ. ಒಂದೇ ಹಣ್ಣು, ಒಂದೇ ನಯವಾದ ದಪ್ಪ ಕಾಗದ (300 ಜಿಎಸ್‌ಎಂ), ಒಂದೇ ಅಳತೆ. ನಾಲ್ಕು ಸಲ ಬರೆದೆ.

ಮಕ್ಕಳ ಬಾಕ್ಸ್‌ನಿಂದ ಶುರು ಮಾಡಿದೆ. ಮೊದಲ ಎರಡು ಕೈ ಬಣ್ಣ ಚೆನ್ನಾಗಿಯೇ ಹತ್ತಿತು. ಮೂರನೇ ಕೈಗೆ ಜಾರುವುದಕ್ಕೆ ಶುರು. ನಾಲ್ಕನೆಯದಕ್ಕೆ ಕಾಗದದ ತರಿ ಎಲ್ಲ ಮುಚ್ಚಿಹೋಗಿ ಮೇಲೆ ಬರೀ ಮೇಣದ ಹೊಳಪು. ಒತ್ತಿ ಉಜ್ಜಿದರೂ ನೇರಳೆ ಕಪ್ಪಾಗಲಿಲ್ಲ, ಕಾಯಿನೇರಳೆಯಲ್ಲೇ ನಿಂತಿತು. ಒಂದು ಗುಣ ಮಾತ್ರ ಹೇಳಲೇಬೇಕು. ಕಡ್ಡಿ ಗಟ್ಟಿ, ಹಾಗಾಗಿ ಮೊನೆ ಬೇಗ ಸವೆಯುವುದಿಲ್ಲ. ಎಲೆಯ ನರ, ಬೆಕ್ಕಿನ ಮೀಸೆ, ಇಂಥ ಸಣ್ಣ ಗೆರೆಗೆ ನಾನು ಈಗಲೂ ಅದರ ಕಂದು ಪೆನ್ಸಿಲ್ ಬಳಸುತ್ತೇನೆ.

ಪ್ರಿಸ್ಮಾಕಲರ್ ಕೈಗೆ ತಗೊಂಡ ಕೂಡಲೇ ಗೊತ್ತಾಗುತ್ತದೆ ಯಾಕೆ ಜನ ಅದಕ್ಕೆ ಮರುಳಾಗುತ್ತಾರೆ ಅಂತ. ಬೆಣ್ಣೆ ಸವರಿದ ಹಾಗೆ ಬಣ್ಣ ಇಳಿಯುತ್ತದೆ. ಅದರ ಸಾಲಿನಲ್ಲಿ ಬ್ಲ್ಯಾಕ್ ಗ್ರೇಪ್ ಅಂತ ಒಂದು ಬಣ್ಣ ಇದೆ, ನಮ್ಮ ನೇರಳೆಗೆ ಅಂತಲೇ ಮಾಡಿದ ಹಾಗಿದೆ. ಅದರ ಮೇಲೆ ಇಂಡಿಗೊ ಬ್ಲೂ, ಮತ್ತೆ ಬ್ಲ್ಯಾಕ್ ಗ್ರೇಪ್. ನಾಲ್ಕೇ ಕೈಗೆ ಹಣ್ಣು ರಸ ತುಂಬಿ ನಿಂತಿತು. ಅರ್ಧ ದಿನದಲ್ಲಿ ಚಿತ್ರ ಮುಗಿಯಿತು. ಅದರ ಬಿಳಿಯನ್ನು ಮೇಲಿಂದ ಗಟ್ಟಿಯಾಗಿ ಒತ್ತಿದರೆ ಬಣ್ಣಗಳು ಒಂದರೊಳಗೊಂದು ಬೆರೆತು ಹೊಳೆಯುತ್ತವೆ.

ಮೇಣದ ಪೆನ್ಸಿಲ್‌ಗೆ ಸಾಮಾನ್ಯವಾಗಿ ಒಂದು ಸ್ವಭಾವ ಇದೆ, ಕೆಲವು ಕಂಪನಿಯದರಲ್ಲಿ ಹೆಚ್ಚು, ಕೆಲವದರಲ್ಲಿ ಕಡಿಮೆ. ಕಡು ಬಣ್ಣ ದಪ್ಪಗೆ ಹಾಕಿದ ಕಡೆ ಕೆಲವು ದಿನಕ್ಕೆ ಮೇಣ ಮೇಲೆ ಬರುತ್ತದೆ. ನೋಡುವುದಕ್ಕೆ ವಿಭೂತಿ ಸೋಕಿದ ಹಾಗೆ ಒಂದು ಬಿಳಿ ಮಂಜು. ಮೊದಲ ಸಲ ನೋಡಿದವರು ಬೂಷ್ಟು ಬಂತು ಅಂತ ಹೆದರುತ್ತಾರೆ. ಹೆದರುವಂಥದ್ದೇನಿಲ್ಲ. ಹಳೇ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಆಮೇಲೆ ಫಿಕ್ಸೆಟಿವ್ ಸ್ಪ್ರೇ, ಅಂದರೆ ಚಿತ್ರದ ಬಣ್ಣ ಹಿಡಿದಿಡುವ ಸ್ಪ್ರೇ, ತೆಳ್ಳಗೆ ಎರಡು ಸಲ ಹೊಡೆದರೆ ಮತ್ತೆ ಬರುವುದು ಕಡಿಮೆ. ಇನ್ನೊಂದು ವಿಷಯ: ಬೇಸಿಗೆಯ ಮಧ್ಯಾಹ್ನ ಮೇಣ ಇನ್ನೂ ಮೆತ್ತಗಾಗುತ್ತದೆ. ಸಣ್ಣ ಗೆರೆ ಎಳೆಯುವ ಕೆಲಸವನ್ನು ನಾನು ಬೆಳಗ್ಗೆಗೇ ಇಟ್ಟುಕೊಳ್ಳುತ್ತೇನೆ.

ಪಾಲಿಕ್ರೋಮೋಸ್ ಬೇರೆಯದೇ ಲೋಕ. ಮೊದಲ ಕೈ ಹಾಕಿದಾಗ ಇಷ್ಟೇನಾ ಅನ್ನಿಸುತ್ತದೆ, ಅಷ್ಟು ತೆಳು. ತಾಳ್ಮೆ ಬೇಕು. ಮೆಜೆಂಟಾ ಹಾಕಿದೆ, ಮೇಲೆ ರೆಡ್ ವಯಲೆಟ್, ಮೇಲೆ ಮಾವ್, ಆಮೇಲೆ ಡಾರ್ಕ್ ಇಂಡಿಗೊ. ಮತ್ತೆ ಮೊದಲಿಂದ. ಒಂಬತ್ತು ಕೈ ಆದರೂ ಕಾಗದ ಬಣ್ಣ ಹಿಡಿಯುತ್ತಲೇ ಇತ್ತು. ಕೊನೆಗೆ ನೆರಳಿನ ಕಡೆ ಸ್ವಲ್ಪ ಡಾರ್ಕ್ ಸೆಪಿಯಾ. ಕಪ್ಪು ಪೆನ್ಸಿಲ್ ಮುಟ್ಟಲೇ ಇಲ್ಲ, ಆದರೂ ಹಣ್ಣು ಕಪ್ಪಾಯಿತು. ಅಡಿಯಲ್ಲಿ ಹಾಕಿದ ಮೆಜೆಂಟಾ ತೊಟ್ಟಿನ ಹತ್ತಿರ ಹಾಗೇ ಇಣುಕುತ್ತಿತ್ತು, ನಿಜವಾದ ಹಣ್ಣಿನಲ್ಲಿ ಇದ್ದ ಹಾಗೇ. ಆ ಜಾಗ ನೋಡಿ ನಾನು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಮೂರು ದಿನ ಹಿಡಿಯಿತು, ಹಿಡಿದರೆ ಹಿಡಿಯಲಿ.

ಇದರ ಬಣ್ಣಗಳು ಪಾರದರ್ಶಕ. ಅಂದರೆ ಬಿಳಿಯನ್ನು ಕಡು ಬಣ್ಣದ ಮೇಲೆ ಹಾಕಿ ಮಿಂಚು ತರುತ್ತೇನೆ ಅಂದರೆ ಆಗುವುದಿಲ್ಲ. ಆ ಅಕ್ಕಿಕಾಳಿನಷ್ಟು ಜಾಗವನ್ನು ಮೊದಲಿಂದಲೇ ಕಾಗದದ ಬಿಳಿಯಾಗಿ ಕಾಪಾಡಿಕೊಳ್ಳಬೇಕು. ಮೊನೆ ಮಾತ್ರ ಚೆನ್ನಾಗಿ ನಿಲ್ಲುತ್ತದೆ. ಪೆನ್ಸಿಲ್ ಮೈ ದುಂಡಗಿದೆ, ಮೇಜಿನಿಂದ ಉರುಳದ ಹಾಗೆ ಒಂದು ಟವೆಲ್ ಹಾಸಿಕೊಳ್ಳಿ. ಒಂದು ಸಲ ನೆಲಕ್ಕೆ ಬಿದ್ದರೆ ಯಾವ ಬಣ್ಣದ ಪೆನ್ಸಿಲ್ ಆದರೂ ಒಳಗಿನ ಕಡ್ಡಿ ತುಂಡಾಗಬಹುದು, ಆಮೇಲೆ ಮೆಂಡರ್‌ಗೆ ಹಾಕಿದಾಗಲೆಲ್ಲ ಮುರಿದು ಬೀಳುತ್ತದೆ. ಮೆಂಡರ್ ಹಳೆಯದಾಗಿದ್ದರೂ ಅದೇ ಗತಿ. ಬ್ಲೇಡ್ ಹರಿತವಾಗಿರಲಿ.

ಲೂಮಿನನ್ಸ್ ಇದ್ದದ್ದು ನಾಲ್ಕೇ, ಅದರಲ್ಲಿ ಪೂರ್ತಿ ಹಣ್ಣು ಬರೆದರೂ ಹೋಲಿಕೆ ನ್ಯಾಯವಾಗಲಿಲ್ಲ. ಮೆತ್ತಗಿದೆ, ಆದರೆ ಅಂಟಂಟಿಲ್ಲ. ಅದರ ಬಿಳಿಯ ಬಗ್ಗೆ ಹೇಳದೆ ಇರುವುದಕ್ಕಾಗುವುದಿಲ್ಲ. ಕಡು ನೇರಳೆಯ ಮೇಲೆ ಮೊನೆ ಇಟ್ಟು ಒಮ್ಮೆ ಒತ್ತಿದೆ. ಬಿಳಿ ಚುಕ್ಕೆ ಹಾಗೇ ಕೂತಿತು. ಬೇರೆ ಮೂರರಲ್ಲಿ ಯಾವ ಬಿಳಿಯೂ ಹೀಗೆ ಕೂರಲಿಲ್ಲ.

ಐದನೇ ಹಣ್ಣು ಬರೆಯುವ ಯೋಚನೆ ಇರಲಿಲ್ಲ, ಆ ಬಿಳಿ ನೋಡಿದ ಮೇಲೆ ಬರೆದೆ. ಅಡಿಗೆ ಪಾಲಿಕ್ರೋಮೋಸ್ ಆರು ಕೈ, ಮೇಲೆ ಪ್ರಿಸ್ಮಾಕಲರ್ ಒಂದು ಕೈ, ಕೊನೆಯ ಮಿಂಚಿಗೆ ಲೂಮಿನನ್ಸ್ ಬಿಳಿ. ಐದರಲ್ಲಿ ಅದೇ ಚೆಂದ. ಕ್ರಮ ಮಾತ್ರ ತಪ್ಪಬಾರದು: ಗಟ್ಟಿಯದು ಕೆಳಗೆ, ಮೆತ್ತನೆಯದು ಮೇಲೆ. ಮೇಣ ದಪ್ಪಗೆ ಕೆಳಗೆ ಹೋದರೆ ಅದರ ಮೇಲೆ ಗಟ್ಟಿ ಪೆನ್ಸಿಲ್ ಜಾರುತ್ತದೆ.

ಜೂನ್ ಮಧ್ಯದಲ್ಲಿ ಮೋಡ ಕವಿದ ಒಂದು ದಿನ ಕಿಟಕಿಯ ಪಟ್ಟಿಗಳನ್ನು ಬಿಚ್ಚಿ ಹಾಸಿಗೆ ಮೇಲೆ ಹರಡಿದೆ. ನಾಲ್ಕು ತಿಂಗಳ ಮೇಲಾಗಿತ್ತು. ಫಾಯಿಲ್ ತೆಗೆಯುತ್ತಾ ಹೋದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮಕ್ಕಳ ಬಾಕ್ಸ್‌ನ ಗುಲಾಬಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು, ನೇರಳೆ ಬೂದು ನೀಲಿಯಾಗಿತ್ತು. ಅದನ್ನು ನಿರೀಕ್ಷಿಸಿದ್ದೆ. ನಿರೀಕ್ಷಿಸದೇ ಇದ್ದದ್ದು ಏನೆಂದರೆ, ದುಬಾರಿ ಪೆನ್ಸಿಲ್‌ಗಳಲ್ಲೂ ಎಲ್ಲ ಬಣ್ಣ ಒಂದೇ ಸಮ ಇರಲಿಲ್ಲ. ಕೆಲವು ಗುಲಾಬಿ, ಕೆಲವು ನೇರಳೆ ಅಲ್ಲೂ ಮಾಸಿದ್ದವು. ಕಣ್ಣಿಗೆ ಹೊಡೆಯುವಷ್ಟು ಹೊಳೆಯುವ ಗುಲಾಬಿಗಳೇ ಮೊದಲು ಹೋದದ್ದು. ಇನ್ನೊಂದು ಕಡೆ, ಕಂದು, ಇಟ್ಟಿಗೆ ಕೆಂಪು, ಕಾಡಿಗೆ ಕಪ್ಪು ಯಾವ ಬಾಕ್ಸ್‌ನಲ್ಲೂ ಅಲುಗಿರಲಿಲ್ಲ, ಮಕ್ಕಳ ಬಾಕ್ಸ್‌ನಲ್ಲೂ ಕೂಡ. ಇಟ್ಟಿಗೆ ಕೆಂಪು ಬರುವುದು ಕಬ್ಬಿಣದ ತುಕ್ಕಿನಂಥ ಮಣ್ಣಿನ ಬಣ್ಣದಿಂದ. ಉತ್ತರ ಕನ್ನಡದ ಹಳೇ ದೇವಸ್ಥಾನಗಳ ಗೋಡೆ ಮೇಲೆ ಕಾವಿ ಚಿತ್ರ ಇಂದಿಗೂ ನಿಂತಿರುವುದು ಅದೇ ಕೆಮ್ಮಣ್ಣಿನ ಬಲದಿಂದ.

ಅಂದರೆ ಯಾವ ಕಂಪನಿ ಅನ್ನುವುದಕ್ಕಿಂತ ಯಾವ ಬಣ್ಣ ಅಂತ ಕೇಳಬೇಕು. ಒಳ್ಳೆ ಕಂಪನಿಗಳು ಇದನ್ನು ಮುಚ್ಚಿಡುವುದೂ ಇಲ್ಲ. ಪಾಲಿಕ್ರೋಮೋಸ್ ಪೆನ್ಸಿಲ್ ಮೈ ಮೇಲೆಯೇ ನಕ್ಷತ್ರ ಹಾಕಿರುತ್ತಾರೆ, ಮೂರಿದ್ದರೆ ಬೆಳಕಿಗೆ ಅತಿ ಗಟ್ಟಿ, ಒಂದಿದ್ದರೆ ಜೋಪಾನ. ಪ್ರಿಸ್ಮಾಕಲರ್‌ನವರೂ ಬಣ್ಣವಾರು ದರ್ಜೆಯ ಪಟ್ಟಿ ಕೊಡುತ್ತಾರೆ. ಲೂಮಿನನ್ಸ್‌ನ ಪೂರ್ತಿ ಹೆಸರು ಲೂಮಿನನ್ಸ್ 6901. ಬಣ್ಣದ ಪೆನ್ಸಿಲ್ ಬೆಳಕಿಗೆ ಎಷ್ಟು ನಿಲ್ಲುತ್ತದೆ ಅಂತ ಅಳೆಯುವ ಅಮೆರಿಕದ ಎಎಸ್‌ಟಿಎಂ ಡಿ 6901 ಅನ್ನುವ ಮಾನದಂಡದಿಂದ ಆ ಸಂಖ್ಯೆ ಬಂದಿದೆ. ನಾನು ತಂದಿದ್ದ ನಾಲ್ಕೂ ಕಿಟಕಿಯಲ್ಲಿ ಕದಲಿರಲಿಲ್ಲ. ಮಕ್ಕಳ ಬಾಕ್ಸ್‌ನ ಮೇಲೆ ಇಂಥ ಗುರುತು ಯಾವುದೂ ಇಲ್ಲ. ಅದು ತಪ್ಪೂ ಅಲ್ಲ. ಮಗು ಬರೆದದ್ದು ನೋಟ್‌ಬುಕ್ಕಿನ ಒಳಗೇ ಇರುತ್ತದೆ, ಕತ್ತಲಲ್ಲಿ ಬಣ್ಣ ಮಾಸುವುದಿಲ್ಲ.

ಈಗ ಯಾರಾದರೂ ಯಾವುದು ತಗೊಳ್ಳಲಿ ಅಂತ ಕೇಳಿದರೆ ನಾನು ದೊಡ್ಡ ಡಬ್ಬಿ ಬೇಡ ಅನ್ನುತ್ತೇನೆ. 72ರ ಡಬ್ಬಿಯಲ್ಲಿ ಅರ್ಧ ಪೆನ್ಸಿಲ್ ಮೊನೆ ಸವೆಯದೆ ಕೂತಿರುತ್ತವೆ. ಪಾಲಿಕ್ರೋಮೋಸ್ 12 ಅಥವಾ 24 ತಗೊಳ್ಳಿ. ಆಮೇಲೆ ನೀವು ಏನು ಬರೆಯುತ್ತೀರೋ ಅದಕ್ಕೆ ಬೇಕಾದ ಬಣ್ಣ ಮಾತ್ರ ಬಿಡಿಯಾಗಿ, ನಕ್ಷತ್ರ ಎಣಿಸಿ ತಗೊಳ್ಳಿ. ಒಂದು ಲೂಮಿನನ್ಸ್ ಬಿಳಿ, ಕಷ್ಟಪಟ್ಟಾದರೂ. ಬೇಗ ಮುಗಿಸಬೇಕು, ಪುಸ್ತಕದೊಳಗೇ ಇರುತ್ತದೆ, ಮುದ್ದಾಗಿ ಬಣ್ಣ ಇಳಿಯಬೇಕು ಅನ್ನುವವರಿಗೆ ಪ್ರಿಸ್ಮಾಕಲರ್ ಕೊಡುವ ಖುಷಿ ಬೇರೆ ಯಾವುದೂ ಕೊಡುವುದಿಲ್ಲ. ಯಾರಿಗಾದರೂ ದುಡ್ಡಿಗೆ ಬರೆದುಕೊಡುತ್ತೀರಿ, ಗೋಡೆಗೆ ಹೋಗುತ್ತದೆ ಅಂದರೆ ಮಾತ್ರ ದಯವಿಟ್ಟು ಒಂದು ಪಟ್ಟಿ ಕಾಗದ ಕಿಟಕಿಗೆ ಅಂಟಿಸಿ ನೋಡಿ. ಖರ್ಚಿಲ್ಲ, ನಾಲ್ಕು ತಿಂಗಳು ಕಾಯಬೇಕು ಅಷ್ಟೇ.

ಅಕ್ಕನಿಗೆ ಹೊಸ ದಾಸವಾಳ ಬರೆದು ಮುಗಿಸಿದ್ದೇನೆ. ಕಿಟಕಿಯಲ್ಲಿ ಗೆದ್ದ ಗುಲಾಬಿಗಳು ಮಾತ್ರ. ಹಳೆಯ ಹೂವಿನಷ್ಟು ಝಗಝಗ ಇಲ್ಲ, ನಮ್ಮ ಹಿತ್ತಲಿನ ಹೂವಿಗೆ ಇದೇ ಹತ್ತಿರ. ಒಂದು ದಳದ ತುದಿಯನ್ನು ಈ ಸಲ ಬೇಕೆಂದೇ ಮೌಂಟ್ ಅಡಿಗೆ ಹೋಗುವ ಹಾಗೆ ಬರೆದೆ. ಹಬ್ಬಕ್ಕೆ ಹೋದಾಗ ಎತ್ತಿ ನೋಡಬಹುದು.